ಮದುವೆಯಾದ ಮಗಳು ಯಾರ ಲೆಕ್ಕಕ್ಕೆ?

(ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳ ಮಹಿಳಾ ಸ್ವಸಹಾಯ ಸಂಘಗಳ ಸಭೆಗಳಲ್ಲಿ ಆಡಿದ ಮಾತುಗಳ ಬರಹ ರೂಪ)



ಸಂಘದ ಸಭೆ ಅಂದರೆ ಉಳಿತಾಯದ ಪುಸ್ತಕ, ಸಾಲದ ಕಂತು, ಬ್ಯಾಂಕಿನ ತಿರುಗಾಟ ಇವುಗಳ ಮಾತೇ ಹೆಚ್ಚು. ಇವತ್ತು ಅದನ್ನೆಲ್ಲ ಒಂದು ಗಂಟೆ ಪಕ್ಕಕ್ಕಿಡೋಣ. ನಾನು ಒಂದೇ ಒಂದು ಪದದ ಬಗ್ಗೆ ಮಾತಾಡಬೇಕೆಂದು ಬಂದಿದ್ದೇನೆ. ಆ ಪದ 'ಅವಿವಾಹಿತ'. ನಮ್ಮ ರಾಜ್ಯದ ಎಷ್ಟೋ ಕಾಯಿದೆ, ನಿಯಮ, ಸುತ್ತೋಲೆಗಳಲ್ಲಿ ಮಗಳು ಅನ್ನುವ ಪದದ ಮುಂದೆ ಇದು ಕೂತಿತ್ತು. ಮಗ ಅನ್ನುವ ಪದದ ಮುಂದೆ ಮಾತ್ರ ಕೂತಿರಲಿಲ್ಲ. ಮದುವೆಯಾದ ಮಗ ಮಗನೇ. ಮದುವೆಯಾದ ಮಗಳು? ಅವಳು 'ಕೊಟ್ಟ ಹೆಣ್ಣು'. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಅಂತ ನಮ್ಮ ಹಿರಿಯರು ಹೇಳುತ್ತಿದ್ದರು. ಹಿರಿಯರು ಹೇಳಿದ್ದನ್ನೇ ಕಾನೂನು ಪುಸ್ತಕದವರೂ ನಕಲು ಮಾಡಿಕೊಂಡಿದ್ದರು.

ಈ ಪದವನ್ನು ಕಿತ್ತುಹಾಕಲು ಎಷ್ಟು ವರ್ಷ ಹಿಡಿಯಿತು, ಕಿತ್ತ ಮೇಲೂ ಅದು ನಮ್ಮ ಊರುಗಳಲ್ಲಿ ಹೇಗೆ ಇನ್ನೂ ಉಸಿರಾಡುತ್ತಿದೆ, ಅದಕ್ಕೂ ವರದಕ್ಷಿಣೆಗೂ ಹೊಡೆತಕ್ಕೂ ಏನು ನಂಟು, ಇದನ್ನು ನಿಮ್ಮ ಮುಂದೆ ಇಡುತ್ತೇನೆ. ನಡುವೆ ಕೇಳಬೇಕೆನ್ನಿಸಿದರೆ ಕೇಳಿ, ಕೊನೆಯವರೆಗೆ ಕಾಯಬೇಡಿ.

ಮೊದಲು ನಮ್ಮ ಸೀಮೆಯದೇ ಒಂದು ಸಂಗತಿ. 1933ರಲ್ಲಿ, ಕನ್ನಂಬಾಡಿ ಕಟ್ಟೆ ಎದ್ದು ನಿಂತ ಆಸುಪಾಸಿನ ಕಾಲ, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ ಮೈಸೂರು ಸಂಸ್ಥಾನ ಒಂದು ಕಾಯಿದೆ ತಂದಿತು. ಹಿಂದೂ ಸ್ತ್ರೀಯರ ಹಕ್ಕುಗಳ ಕಾಯಿದೆ ಅದು. ಆಗ ಮಂಡ್ಯ ಜಿಲ್ಲೆ ಇನ್ನೂ ಹುಟ್ಟಿರಲಿಲ್ಲ, ಅದಾದದ್ದು 1939ರಲ್ಲಿ. ಈ ನಾಲ್ಕು ತಾಲ್ಲೂಕುಗಳೂ ಮೈಸೂರು ಸೀಮೆಯೊಳಗೇ ಇದ್ದವು. ಅಂದರೆ ಆ ಕಾಯಿದೆ ನಮ್ಮ ಅಜ್ಜಿಯರಿಗೆ, ಮುತ್ತಜ್ಜಿಯರಿಗೆ ಅನ್ವಯವಾಗಿದ್ದ ಕಾಯಿದೆ. ಅಪ್ಪ ಮಕ್ಕಳು ಪಾಲಾಗುವಾಗ ತಾಯಿಗೂ ಒಂದು ಭಾಗ, ಮನೆಯಲ್ಲಿರುವ ಹೆಣ್ಣುಮಗಳಿಗೂ ಒಂದು ಭಾಗ ಅಂತ ಅದು ಹೇಳಿತು. ತಾಯಿಗೆ ಮಗನ ಪಾಲಿನ ಅರ್ಧ. ಮಗಳಿಗೆ ಅಣ್ಣತಮ್ಮನ ಪಾಲಿನ ಕಾಲುಭಾಗ. ಬ್ರಿಟಿಷರ ಕೈಕೆಳಗಿದ್ದ ಪ್ರಾಂತ್ಯಗಳಲ್ಲಿ ಇಷ್ಟೂ ಇಲ್ಲದ ಕಾಲ ಅದು. ಆದರೆ ಕಾಲುಭಾಗ ಯಾವ ಮಗಳಿಗೆ? ಅವಿವಾಹಿತ ಮಗಳಿಗೆ. ಎಂಟು ಹತ್ತು ವರ್ಷಕ್ಕೆ ಮದುವೆ ಮಾಡಿ ಕಳಿಸುತ್ತಿದ್ದ ದಿನಗಳಲ್ಲಿ ಪಾಲಿನ ದಿವಸಕ್ಕೆ ಮದುವೆಯಾಗದೆ ಉಳಿದ ಮಗಳು ಎಷ್ಟು ಮನೆಯಲ್ಲಿದ್ದಾಳು? ಕೊಟ್ಟ ಹಾಗೂ ಇತ್ತು, ಕೊಡದ ಹಾಗೂ ಇತ್ತು.

ಆಮೇಲೆ 1956. ಇಡೀ ದೇಶಕ್ಕೆ ಹಿಂದೂ ಉತ್ತರಾಧಿಕಾರ ಕಾಯಿದೆ ಬಂತು. ಹೆಣ್ಣುಮಕ್ಕಳಿಗೂ ಆಸ್ತಿ ಬಂತು ಅಂತ ಎಲ್ಲರೂ ಹೇಳಿದರು. ಎಷ್ಟು ಬಂತು ಅಂತ ಲೆಕ್ಕ ಹಾಕೋಣ, ನಮಗೆ ಸಂಘದ ಲೆಕ್ಕ ಬರುತ್ತದಲ್ಲ. ಪಿತ್ರಾರ್ಜಿತ ನಾಲ್ಕು ಎಕರೆ ಇದೆ ಅಂತಿಟ್ಟುಕೊಳ್ಳಿ. ಒಬ್ಬ ಮಗ, ಒಬ್ಬಳು ಮಗಳು, ತಾಯಿ ಮೊದಲೇ ತೀರಿಕೊಂಡಿದ್ದಾಳೆ. ಮಗನಿಗೆ ಹುಟ್ಟಿದಾಗಲೇ ಅಪ್ಪನ ಜೊತೆ ಸಮಪಾಲು, ಅಂದರೆ ಎರಡು ಎಕರೆ ಅವನದೇ. ಅಪ್ಪ ಸತ್ತರೆ ಅಪ್ಪನ ಎರಡು ಎಕರೆ ಮಾತ್ರ ಇಬ್ಬರಿಗೂ ಹಂಚಿಕೆ. ಮಗನಿಗೆ ಮೂರು, ಮಗಳಿಗೆ ಒಂದು. ಅದೂ ಅಪ್ಪ ಸತ್ತ ಮೇಲೆ. ಮಗ ಹುಟ್ಟಿನಿಂದ ಪಾಲುದಾರ, ಮಗಳು ಸಾವಿನಿಂದ ವಾರಸುದಾರಳು. ಮಗ ಅಪ್ಪನ ಕೈ ಹಿಡಿದು ಪಾಲು ಕೊಡು ಅಂತ ಕೇಳಬಹುದು, ಮಗಳು ಕೇಳುವ ಹಾಗಿಲ್ಲ.

ಅದೇ ಕಾಯಿದೆಯಲ್ಲಿ 23ನೆಯ ಕಲಂ ಅಂತ ಒಂದಿತ್ತು. ನಮ್ಮ ಪತ್ರಿಕೆಯ ಓದುಗರು ಇದನ್ನು ಸ್ವಲ್ಪ ನಿಂತು ನೋಡಬೇಕು. ಅಪ್ಪನ ವಾಸದ ಮನೆಯಲ್ಲಿ ಮಗಳಿಗೆ ಪಾಲಿದ್ದರೂ, ಗಂಡುಮಕ್ಕಳು ತಾವಾಗಿ ಪಾಲು ಮಾಡಿಕೊಳ್ಳುವವರೆಗೂ ಆಕೆ ಮನೆಯನ್ನು ಭಾಗ ಮಾಡಿ ಅನ್ನುವ ಹಾಗಿರಲಿಲ್ಲ. ಹೋಗಲಿ, ಅಲ್ಲಿ ಇರಲಾದರೂ ಬಹುದೆ ಅಂದರೆ, ಇರಬಹುದಾದ ಹೆಣ್ಣುಮಕ್ಕಳು ಯಾರು ಅಂತ ಕಾಯಿದೆಯೇ ಪಟ್ಟಿ ಮಾಡಿತ್ತು. ಮದುವೆಯಾಗದವಳು, ಗಂಡ ಬಿಟ್ಟವಳು, ಗಂಡನಿಂದ ಬೇರೆಯಾದವಳು, ವಿಧವೆ. ಗಂಡನ ಮನೆಯಲ್ಲಿ ದಿನಾ ಹೊಡೆತ ತಿನ್ನುತ್ತಾ ಇನ್ನೂ ಅಲ್ಲೇ ಇರುವವಳು ಆ ಪಟ್ಟಿಯಲ್ಲಿ ಇರಲಿಲ್ಲ. ಅವಳು ರಾತ್ರೋರಾತ್ರಿ ಮಗುವನ್ನು ಸೊಂಟಕ್ಕೆ ಹಾಕಿಕೊಂಡು ತವರಿಗೆ ಬಂದರೆ ಅದು ಅಣ್ಣನ ದಯೆ, ಅತ್ತಿಗೆಯ ದಯೆ. 'ನಾಲ್ಕು ದಿವಸ ಇದ್ದು ಹೋಗವ್ವ' ಅನ್ನುವ ಮಾತು ಎಲ್ಲಿಂದ ಬಂತು ಅಂತ ನಾವು ಅತ್ತಿಗೆಯನ್ನು ಬಯ್ಯುತ್ತೇವೆ. ಅತ್ತಿಗೆ ಹುಟ್ಟುವ ಮೊದಲೇ ಕಾಯಿದೆ ಅದನ್ನು ಹೇಳಿಯಾಗಿತ್ತು.

ಈಗ ವರದಕ್ಷಿಣೆಯ ಮಾತಿಗೆ ಬರುತ್ತೇನೆ. ನಿಮ್ಮಲ್ಲಿ ವಯಸ್ಸಾದವರಿಗೆ 'ತೆರ' ಅನ್ನುವ ಪದ ಗೊತ್ತಿರುತ್ತದೆ. ನಮ್ಮ ಒಕ್ಕಲು ಮಕ್ಕಳಲ್ಲಿ ಗಂಡಿನ ಕಡೆಯವರೇ ಹೆಣ್ಣಿಗೆ ತೆರ ಕೊಟ್ಟು ಮದುವೆ ಮಾಡಿಕೊಳ್ಳುವ ಪದ್ಧತಿ ಇತ್ತು. ಅದೇನು ಬಹಳ ಒಳ್ಳೆಯ ಪದ್ಧತಿ ಅಂತ ನಾನು ಹೇಳುತ್ತಿಲ್ಲ. ಆದರೂ ಹೆಣ್ಣು ಹೊರೆ ಅನ್ನುವ ಲೆಕ್ಕ ಅಲ್ಲಿರಲಿಲ್ಲ. ಸ್ಕಾರ್ಲೆಟ್ ಎಪ್‌ಸ್ಟೈನ್ ಎಂಬ ವಿದ್ವಾಂಸೆ 1954ರಲ್ಲಿ ಮಂಡ್ಯದ ಬಳಿ ಎರಡು ಹಳ್ಳಿಗಳಲ್ಲಿ ಬಂದು ಉಳಿದರು. ಒಂದು ನಾಲೆ ನೀರಿನ ಹಳ್ಳಿ, ಇನ್ನೊಂದು ಒಣ ಹಳ್ಳಿ. 1970ರಲ್ಲಿ ಮತ್ತೆ ಬಂದಾಗ, ಅನುಕೂಲಸ್ಥ ಮನೆಗಳಲ್ಲಿ ತೆರದ ಜಾಗಕ್ಕೆ ವರದಕ್ಷಿಣೆ ಬಂದಿರುವುದನ್ನು ಅವರು ಕಂಡರು. ಯೋಚನೆ ಮಾಡಿ. ನಾಲೆ ಬಂತು, ಕಬ್ಬು ಬಂತು, ಗದ್ದೆಗೆ ಬೆಲೆ ಬಂತು, ಓದಿದ ಗಂಡಿಗೆ ಬೆಲೆ ಬಂತು. ಆ ಗದ್ದೆಯಲ್ಲಿ ನಾಟಿ ಹಾಕಿದ, ಕಳೆ ಕಿತ್ತ ಹೆಣ್ಣುಮಗಳಿಗೆ ಮಾತ್ರ ಬೆಲೆ ಇಳಿಯಿತು. ಭೂಮಿಯಲ್ಲಿ ಅವಳಿಗೆ ಪಾಲಿಲ್ಲ, ಆದ್ದರಿಂದ ಕೈಗೆ ಒಂದಿಷ್ಟು ದುಡ್ಡು ಚಿನ್ನ ಕೊಟ್ಟು ಸಾಗಹಾಕು. ಆ ದುಡ್ಡೂ ಅವಳ ಕೈಗಲ್ಲ, ಗಂಡನ ಕೈಗೆ, ಮಾವನ ಕೈಗೆ. ಪಾಲಿನ ಬದಲು ವರದಕ್ಷಿಣೆ ಅನ್ನುವ ಮೋಸದ ವ್ಯಾಪಾರ ಹೀಗೆ ಬೇರುಬಿಟ್ಟಿತು.

ಇದು ನಾನು ಕಟ್ಟಿ ಹೇಳುವ ಮಾತಲ್ಲ, ನಮ್ಮ ವಿಧಾನಸೌಧವೇ ಒಪ್ಪಿಕೊಂಡ ಮಾತು. ಕರ್ನಾಟಕದ ವಿಧಾನಮಂಡಲ 1990ರ ತಿದ್ದುಪಡಿ ಕಾಯಿದೆಯ ಪೀಠಿಕೆಯಲ್ಲೇ ಇದನ್ನು ಬರೆದಿದೆ. ಹೆಣ್ಣು ಅನ್ನುವ ಒಂದೇ ಕಾರಣಕ್ಕೆ ಮಗಳನ್ನು ಪಾಲುದಾರಿಕೆಯಿಂದ ಹೊರಗಿಡುವುದು ಸಂವಿಧಾನದ ಸಮಾನತೆಗೆ ವಿರುದ್ಧ, ಹಾಗೆ ಹೊರಗಿಟ್ಟದ್ದರಿಂದಲೇ ವರದಕ್ಷಿಣೆ ಎಂಬ ಪಿಡುಗು ಹುಟ್ಟಿತು ಅನ್ನುವುದು ಅದರ ಸಾರ. ಆಂಧ್ರದವರು 1985ರಲ್ಲಿ, ತಮಿಳುನಾಡಿನವರು 1989ರಲ್ಲಿ ಇಂಥ ಕಾಯಿದೆ ತಂದಿದ್ದರು. ನಮ್ಮದು 1990ರಲ್ಲಿ ಹುಟ್ಟಿ, ಜಾರಿಗೆ ಬರುವ ಹೊತ್ತಿಗೆ 1994ರ ಜುಲೈ 30 ಆಯಿತು. ಆವತ್ತಿನಿಂದ ಮಗಳೂ ಮಗನಂತೆ ಹುಟ್ಟಿನಿಂದಲೇ ಪಾಲುದಾರಳು.

ಆದರೆ ಕೊನೆಯಲ್ಲಿ ಒಂದು ಸಾಲು ಸೇರಿಸಿದರು. ಕಾಯಿದೆ ಜಾರಿಯಾಗುವ ಮೊದಲೇ ಮದುವೆಯಾದ ಮಗಳಿಗೆ ಇದು ಅನ್ವಯಿಸದು.

1994ರ ಜುಲೈ 30 ನಮ್ಮ ಪಂಚಾಂಗದಲ್ಲಿ ಆಷಾಢ. ಆಷಾಢದಲ್ಲಿ ನಮ್ಮ ಕಡೆ ಮದುವೆ ಇಲ್ಲ. ಹಾಗಾಗಿ ಆ ವರ್ಷದ ವೈಶಾಖದಲ್ಲಿ ಧಾರೆ ಎರೆಸಿಕೊಂಡ ಅಕ್ಕ ಹೊರಗೆ, ಶ್ರಾವಣದಲ್ಲಿ ಧಾರೆ ಎರೆಸಿಕೊಂಡ ತಂಗಿ ಒಳಗೆ. ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು, ಒಂದೇ ಗದ್ದೆಯ ಅನ್ನ ಉಂಡವರು. ವರದಕ್ಷಿಣೆಯ ಪಿಡುಗು ಹೋಗಲಿ ಅಂತ ತಂದ ಕಾಯಿದೆ, ಆಗಲೇ ವರದಕ್ಷಿಣೆ ತೆತ್ತು ಹೋದ ಹೆಣ್ಣುಮಕ್ಕಳನ್ನೇ ಹೊರಗಿಟ್ಟಿತು. ಆಗ ಮಹಿಳಾ ಸಂಘಟನೆಗಳು ಇದನ್ನು ಕೇಳದೆ ಇರಲಿಲ್ಲ. 'ಮದುವೆಯಾದವರನ್ನೂ ಸೇರಿಸಿದರೆ ಹಳೆಯ ಪಾಲುಗಳೆಲ್ಲ ಕಲಸಿಹೋಗುತ್ತವೆ' ಅನ್ನುವುದೇ ಆ ಕಾಲದ ಉತ್ತರ. ಗಂಡಸರ ನೆಮ್ಮದಿ ಕೆಡದಷ್ಟು ಸಮಾನತೆ ಕೊಡುವುದು ನಮ್ಮ ಸರ್ಕಾರಗಳಿಗೆ ಮೊದಲಿನಿಂದ ಬಂದ ಅಭ್ಯಾಸ.

ಹನ್ನೊಂದು ವರ್ಷ ಕಾಯಬೇಕಾಯಿತು. 2005ರ ಸೆಪ್ಟೆಂಬರ್ 9ರಿಂದ ಕೇಂದ್ರದ ತಿದ್ದುಪಡಿ ಜಾರಿಗೆ ಬಂತು. ಅದರಲ್ಲಿ ವಿವಾಹಿತ, ಅವಿವಾಹಿತ ಅನ್ನುವ ಗೆರೆಯೇ ಇಲ್ಲ. ಮಗಳು ಅಂದರೆ ಮಗಳು. 23ನೆಯ ಕಲಂ ಹೋಯಿತು. ಮರುಮದುವೆಯಾದ ವಿಧವೆ ಸೊಸೆಗೆ ಮಾವನ ಆಸ್ತಿಯಲ್ಲಿ ವಾರಸಿಲ್ಲ ಅನ್ನುತ್ತಿದ್ದ 24ನೆಯ ಕಲಂ ಕೂಡ ಹೋಯಿತು. ನಮ್ಮ ನಾಲ್ಕು ಎಕರೆ ಲೆಕ್ಕಕ್ಕೆ ವಾಪಸು ಬಂದರೆ, ಈಗ ಅಪ್ಪ, ಮಗ, ಮಗಳು ಮೂವರೂ ಸಮ. ಅಪ್ಪನ ಕಾಲವಾದ ಮೇಲೆ ಅವನ ಭಾಗವೂ ಇಬ್ಬರಿಗೆ ಸಮ. ಮಗನಿಗೆ ಎರಡು, ಮಗಳಿಗೆ ಎರಡು. ಸಾಲವಿದ್ದರೆ ಅದೂ ಸಮ, ಅದನ್ನೂ ಹೇಳಬೇಕು. ಪಿತ್ರಾರ್ಜಿತದ ಹೊಣೆಗಳು ಮಗನ ಮೇಲಿದ್ದಷ್ಟೇ ಮಗಳ ಮೇಲೂ ಇರುತ್ತವೆ ಅಂತ ಅದೇ ಕಾಯಿದೆ ಹೇಳುತ್ತದೆ.

ಅಲ್ಲಿಗೆ ಮುಗಿಯಲಿಲ್ಲ. 2005ರ ಆ ದಿನ ಅಪ್ಪ ಬದುಕಿದ್ದರೆ ಮಾತ್ರ ಮಗಳಿಗೆ ಪಾಲು ಅಂತ 2015ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಆ ಮೊಕದ್ದಮೆ ಹೋದದ್ದು ನಮ್ಮ ಕರ್ನಾಟಕದಿಂದಲೇ. ಗಂಡನ ಮನೆಗೆ ಹೋದ ದಿನದ ಗೆರೆ ಅಳಿಸಿದರೆ, ಅಪ್ಪ ಸತ್ತ ದಿನದ ಗೆರೆ ಎದ್ದಿತು! 2018ರಲ್ಲಿ ಮತ್ತೊಂದು ಮೊಕದ್ದಮೆ, ಅದೂ ಉತ್ತರ ಕರ್ನಾಟಕದ ಹೆಣ್ಣುಮಕ್ಕಳದೇ. ಅಪ್ಪ 2001ರಲ್ಲೇ ತೀರಿಕೊಂಡಿದ್ದರೂ ಅವರಿಗೆ ಪಾಲು ಸಿಕ್ಕಿತು. ಎರಡು ತೀರ್ಪು ಎರಡು ದಿಕ್ಕು ಆಗಿ, ಕೆಳಗಿನ ಕೋರ್ಟುಗಳಲ್ಲಿ ವಕೀಲರು ತಮಗೆ ಬೇಕಾದ್ದನ್ನು ಓದಿ ವಾದಿಸುತ್ತಿದ್ದರು. ಕೊನೆಗೆ 2020ರ ಆಗಸ್ಟ್ 11ರಂದು ವಿನೀತಾ ಶರ್ಮ ಮೊಕದ್ದಮೆಯಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಗೊಂದಲ ಬಿಡಿಸಿತು. ಮಗಳ ಹಕ್ಕು ಹುಟ್ಟಿನದು. 2005ರಲ್ಲಿ ಅಪ್ಪ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. 1933ರ ಕಾಲುಭಾಗದಿಂದ ಇಲ್ಲಿಗೆ ಬರಲು 87 ವರ್ಷ.

ಇದೇ ಪದ ಬೇರೆ ಕಡೆಗಳಲ್ಲೂ ಅಡಗಿತ್ತು. ಸರ್ಕಾರಿ ನೌಕರಿಯಲ್ಲಿದ್ದ ಅಪ್ಪ ಅಥವಾ ಅಮ್ಮ ತೀರಿಕೊಂಡರೆ ಮಕ್ಕಳಿಗೆ ಅನುಕಂಪದ ಆಧಾರದ ಮೇಲೆ ಕೆಲಸ ಕೊಡುತ್ತಾರಲ್ಲ, ಆ 1996ರ ನಿಯಮದಲ್ಲಿ ಮಗ ಅಂದರೆ ಎಂಥ ಮಗನಾದರೂ ಸರಿ, ಮಗಳು ಅಂದರೆ ಅವಿವಾಹಿತಳೇ ಆಗಬೇಕಿತ್ತು. ನಮ್ಮ ಹೈಕೋರ್ಟು 2020ರ ಡಿಸೆಂಬರಿನಲ್ಲಿ ಇದು ತಾರತಮ್ಯ ಅಂತ ಹೇಳಿ ಆ ಪದವನ್ನು ಹೊಡೆದುಹಾಕಿತು. 2021ರಲ್ಲಿ ಸರ್ಕಾರ ನಿಯಮವನ್ನೇ ತಿದ್ದಿತು. ಈಗ ಅವಲಂಬಿತಳಾಗಿ ಜೊತೆಯಲ್ಲಿದ್ದಳೇ ಅನ್ನುವುದು ಮುಖ್ಯ, ತಾಳಿ ಇದೆಯೇ ಅನ್ನುವುದಲ್ಲ. ಮಾಜಿ ಸೈನಿಕರ ಮಕ್ಕಳಿಗೆ ಕೊಡುವ ಗುರುತಿನ ಚೀಟಿಯಲ್ಲೂ ಮಗಳಿಗೆ ಮದುವೆಯವರೆಗೆ ಮಾತ್ರ ಅಂತಿತ್ತು, 2023ರ ಜನವರಿಯಲ್ಲಿ ಹೈಕೋರ್ಟು ಅದನ್ನೂ ತೆಗೆಸಿತು. ಇವೆಲ್ಲ ಚಿಕ್ಕ ಸಂಗತಿಗಳ ಹಾಗೆ ಕಾಣುತ್ತವೆ. ಆದರೆ ಒಂದೊಂದಕ್ಕೂ ಒಬ್ಬೊಬ್ಬಳು ಹೆಣ್ಣುಮಗಳು ಕೋರ್ಟಿನ ಮೆಟ್ಟಿಲು ಹತ್ತಬೇಕಾಯಿತು. ತಾನಾಗಿ ಯಾವ ಕಚೇರಿಯೂ ಪೆನ್ನು ತೆಗೆದು ಆ ಪದಕ್ಕೆ ಅಡ್ಡಗೆರೆ ಎಳೆಯಲಿಲ್ಲ.

ಸರಿ, ಪುಸ್ತಕದಲ್ಲಿ ಗೆರೆ ಅಳಿಯಿತು. ಊರಿನಲ್ಲಿ?

ಪಾಂಡವಪುರದ ಕಡೆಯ ಸಭೆಯೊಂದರಲ್ಲಿ ಒಬ್ಬರು ಎದ್ದು ನಿಂತು ಕೇಳಿದರು. 'ನನ್ ಮದ್ವೇಲಿ ಅಪ್ಪ ಮೂರ್ ಲಕ್ಷ ಕೊಟ್ರು, ಒಡವೆ ಹಾಕುದ್ರು. ಈಗ್ಲೂ ಪಾಲ್ ಕೇಳುದ್ರೆ ಎಲ್ರೂ ಮಕ್ಕುಗಿಯಾಕಿಲ್ವಾ ಅಕ್ಕ?' ಇದು ಒಬ್ಬರ ಪ್ರಶ್ನೆ ಅಲ್ಲ, ನಾಲ್ಕು ತಾಲ್ಲೂಕಿನಲ್ಲೂ ಕೇಳಿದ್ದೇನೆ. ಅಣ್ಣತಮ್ಮಂದಿರ ಮೊದಲ ವಾದವೇ ಇದು, ಮದುವೆಗೆ ಖರ್ಚು ಮಾಡಿದ್ದೇವೆ, ನಿನ್ನ ಲೆಕ್ಕ ಚುಕ್ತಾ. ನೋಡಿ, ಮದುವೆ ಖರ್ಚಿನಿಂದ ಪಾಲಿನ ಹಕ್ಕು ಹೋಗುತ್ತದೆ ಅಂತ ಯಾವ ಕಾಯಿದೆಯೂ ಹೇಳಿಲ್ಲ. ಮಗನ ಮದುವೆಗೂ ಖರ್ಚಾಗಿದೆ, ಮಗನ ಓದಿಗೂ ಖರ್ಚಾಗಿದೆ, ಅದನ್ನು ಯಾರೂ ಅವನ ಪಾಲಿನಲ್ಲಿ ಕಳೆಯುವುದಿಲ್ಲ. ಇನ್ನು ಆ ಮೂರು ಲಕ್ಷ 1961ರ ವರದಕ್ಷಿಣೆ ನಿಷೇಧ ಕಾಯಿದೆಯ ಪ್ರಕಾರ ಅಪರಾಧದ ದುಡ್ಡು. ಅಪರಾಧದ ದುಡ್ಡನ್ನು ಪಾಲು ಅಂತ ಬರೆಯಲಾಗದು. ಆ ಕಾಯಿದೆಯ 6ನೆಯ ಕಲಂ ಪ್ರಕಾರ, ಬೇರೆ ಯಾರೇ ಇಸಿದುಕೊಂಡಿದ್ದರೂ ಆ ವರದಕ್ಷಿಣೆಯನ್ನು ಮದುವೆಯಾದ ಮೂರು ತಿಂಗಳೊಳಗೆ ಆ ಹೆಣ್ಣಿಗೇ ಒಪ್ಪಿಸಬೇಕು. ಅಲ್ಲಿಯವರೆಗೆ ಅದು ಅವರ ಬಳಿ ಅವಳ ಇಡುಗಂಟು. ಈ ಕಲಂ ಇದೆ ಅಂತಲೇ ನಮ್ಮಲ್ಲಿ ಎಷ್ಟೋ ಜನಕ್ಕೆ ಗೊತ್ತಿಲ್ಲ.

ಎರಡನೆಯದು ಸಹಿ. 2020ರ ತೀರ್ಪು ಪತ್ರಿಕೆಗಳಲ್ಲಿ ಬಂದ ಮೇಲೆ ನಮಗಿಂತ ಮೊದಲು ಎಚ್ಚೆತ್ತವರು ಅಣ್ಣತಮ್ಮಂದಿರು. ವರ್ಷಗಟ್ಟಲೆ ಬರದವರು ಗೌರಿ ಬಾಗಿನ ಹಿಡಿದು ಬಂದರು. 'ಬ್ಯಾಂಕಲ್ಲಿ ಸಾಲ ಎತ್ಬೇಕು, ನಿಂದೊಂದ್ ರುಜು ಬೇಕು ಕನವ್ವ' ಅಂದರು. ಕೆ.ಆರ್. ಪೇಟೆ ಕಡೆಯ ಒಬ್ಬ ಹೆಂಗಸು ಹಾಗೆ ಹೋಗಿ ಹೆಬ್ಬೆಟ್ಟು ಒತ್ತಿ, ಫೋಟೊ ಕೊಟ್ಟು, ಹೋಟೆಲಿನಲ್ಲಿ ದೋಸೆ ತಿಂದು ಬಂದರು. ಅದು ಹಕ್ಕು ಬಿಡುಗಡೆ ಪತ್ರ ಅಂತ ಗೊತ್ತಾದದ್ದು ಅವರ ಮಗಳು ಕಾಗದ ಓದಿದಾಗ. ಅಲ್ಲಿ ಬರೆದಿತ್ತು, ಅರಿಶಿನ ಕುಂಕುಮಕ್ಕೆಂದು ಇಷ್ಟು ರೂಪಾಯಿ ಪಡೆದು ಸ್ವಸಂತೋಷದಿಂದ ಬಿಟ್ಟುಕೊಟ್ಟಿರುತ್ತೇನೆ ಅಂತ. ಆ ರೂಪಾಯಿಯೂ ಅವರ ಕೈಗೆ ಬಂದಿರಲಿಲ್ಲ. ಒಂದು ಸಲ ನೋಂದಣಿಯಾದ ಬಿಡುಗಡೆ ಪತ್ರವನ್ನು ಮೋಸದಿಂದ ಬರೆಸಿಕೊಂಡರು ಅಂತ ಕೋರ್ಟಿನಲ್ಲಿ ಸಾಬೀತು ಮಾಡುವುದು ಸುಲಭದ ಕೆಲಸವಲ್ಲ. ಹಾಗಾಗಿ ಸಬ್‌ರಿಜಿಸ್ಟ್ರಾರ್ ಕಚೇರಿಯ ಹೊಸಿಲು ತುಳಿಯುವ ಮೊದಲು ಕಾಗದವನ್ನು ಹಿಂದಿನ ದಿನವೇ ಇಸಿದುಕೊಂಡು ಸಂಘದಲ್ಲಿ ಓದಿಸಿ. ಓದಲು ಕೊಡುವುದಿಲ್ಲ ಅಂದರೆ ಅದರಲ್ಲೇ ಉತ್ತರ ಇದೆ.

ಬಿಟ್ಟುಕೊಡಲೇಬಾರದು ಅಂತ ನಾನು ಹೇಳುವುದಿಲ್ಲ. ತಮ್ಮ ಕಷ್ಟದಲ್ಲಿದ್ದಾನೆ, ಅಪ್ಪ ಅಮ್ಮನನ್ನು ಅವನೇ ನೋಡಿಕೊಂಡ, ನನಗೆ ಇದೆ, ಅವನಿಗಿರಲಿ ಅಂತ ತಿಳಿದು ಕೊಡುವ ಅಕ್ಕ ಇದ್ದಾಳೆ. ಅದು ಅವಳ ದಾನ. ಇದ್ದದ್ದನ್ನು ಕೊಟ್ಟರೆ ದಾನ, ಇದೆ ಅಂತಲೇ ತಿಳಿಸದೆ ಕಿತ್ತುಕೊಂಡರೆ ಕಳವು.

ನಾಗಮಂಗಲದಲ್ಲಿ ಬಂದ ಮಾತು ಇನ್ನೂ ಕಷ್ಟದ್ದು. 'ಪಾಲು ಕೇಳುದ್ರೆ ತವ್ರು ಮುಚ್ಚೋಯ್ತದೆ. ನಾಳೆ ಇವ್ನು ಹೊಡ್ದು ಓಡ್ಸುದ್ರೆ ಎಲ್ಲಿಗೋಗಾನ?' ಇದನ್ನು ಹಗುರವಾಗಿ ತಳ್ಳಿಹಾಕಲು ನನಗೆ ಬಾಯಿ ಬರುವುದಿಲ್ಲ. ಹಬ್ಬದ ದಿನ ಬರುವ ಒಂದು ಸೀರೆ, ಬಾಣಂತನದ ಮೂರು ತಿಂಗಳು, ಗಂಡನ ಮನೆಯಲ್ಲಿ 'ಅವಳಿಗೂ ಹಿಂದೆ ಜನ ಇದ್ದಾರೆ' ಅನ್ನುವ ಒಂದಿಷ್ಟು ಭಯ, ಇವೆಲ್ಲ ಬೆಲೆ ಇರುವ ವಸ್ತುಗಳೇ. ಆದರೆ ನಮ್ಮಲ್ಲಿಗೆ ದೂರು ತರುವ ಹೆಣ್ಣುಮಕ್ಕಳನ್ನು ನೋಡಿದರೆ ನನಗೆ ಇನ್ನೊಂದು ಕಾಣುತ್ತದೆ. ಪಾಲು ಕೇಳದೆ ಬಿಟ್ಟವರಿಗೂ ತವರಿನ ಬಾಗಿಲು ಎಷ್ಟು ದಿವಸ ತೆರೆದಿತ್ತು? ಅಪ್ಪ ಅಮ್ಮ ಇರುವತನಕ. ಆಮೇಲೆ ಅಲ್ಲೂ 'ಹೊಂದ್ಕೊಂಡು ಹೋಗು' ಅನ್ನುವ ಪಾಠವೇ. ಹತ್ತು ಗುಂಟೆ ತನ್ನ ಹೆಸರಿನಲ್ಲಿದ್ದವಳು ವಾಪಸು ಬಂದಾಗ ಅವಳು ನೆಂಟಳಲ್ಲ. ಗಂಡನಿಗೂ ಅದು ಗೊತ್ತಿರುತ್ತದೆ. ಆಸ್ತಿ ಇದ್ದರೆ ಹೊಡೆತ ನಿಂತೇಬಿಡುತ್ತದೆ ಅಂತ ಭರವಸೆ ಕೊಡಲಾರೆ. ಆಸ್ತಿ ಬರಲಿ ಅಂತಲೇ ಹೊಡೆದು ತವರಿಗೆ ಅಟ್ಟುವ ಗಂಡಂದಿರೂ ಇದ್ದಾರೆ, 'ನಿನ್ನ ಪಾಲು ತಗೊಂಡು ಬಾ' ಅನ್ನುವುದು ಈಗಿನ ಹೊಸ ವರದಕ್ಷಿಣೆ. ಅದಕ್ಕೇ ನಾನು ಹೇಳುವುದು, ಪಾಲು ಬಂದರೆ ಅದು ನಿಮ್ಮ ಹೆಸರಿನಲ್ಲೇ ಇರಲಿ, ಗಂಡನ ಹೆಸರಿಗೆ, ಮಾವನ ಹೆಸರಿಗೆ ಹೋಗದಿರಲಿ. ಅವರ ಸಾಲಕ್ಕೆ ಜಾಮೀನಾಗಿಯೂ ಹೋಗದಿರಲಿ.

ಶ್ರೀರಂಗಪಟ್ಟಣದಲ್ಲಿ ಒಬ್ಬ ಮೇಷ್ಟರು, ಸಭೆಯ ಹಿಂದೆ ನಿಂತಿದ್ದವರು, 'ಮೇಡಂ, ಹೆಣ್ಣಿಗೂ ಪಾಲು ಅಂತಾದರೆ ಜನ ಹೆಣ್ಣೇ ಬೇಡ ಅಂತಾರೆ, ನಮ್ಮ ಜಿಲ್ಲೇಲಿ ಮೊದಲೇ ಪರಿಸ್ಥಿತಿ ಹಿಂಗಿದೆ' ಅಂದರು. ಅವರ ಆತಂಕ ಸುಳ್ಳಲ್ಲ. 2023ರ ಕೊನೆಯಲ್ಲಿ ಮಂಡ್ಯದ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟು ಹೆಣ್ಣು ಭ್ರೂಣ ಪತ್ತೆ ಮಾಡುತ್ತಿದ್ದ ಜಾಲ ಬಯಲಾದಾಗ ನಾವೆಲ್ಲ ತಲೆ ತಗ್ಗಿಸಿದ್ದೇವೆ. ಬೆಲ್ಲ ಕಾಯಿಸುವ ಜಾಗದಲ್ಲಿ ಇಂಥ ಕೆಲಸ. ಮುಂದಿನ ವರ್ಷ ಪಾಂಡವಪುರದ ಹೆಸರೂ ಪತ್ರಿಕೆಗೆ ಬಂತು. ಆದರೆ ಲೆಕ್ಕ ತಿರುಗಿಸಿ ನೋಡಿ. ಪಾಲಿಲ್ಲದ ಕಾಲದಲ್ಲೇ ಅಲ್ಲವೇ ಹೆಣ್ಣು ಹೊರೆಯಾದದ್ದು? ಮಗಳನ್ನು ಕೊಲ್ಲಲು ಕಾರಣ ಹುಡುಕುವವರಿಗೆ ವರದಕ್ಷಿಣೆಯೂ ಕಾರಣ, ಪಾಲೂ ಕಾರಣ. 2022ರ ನವೆಂಬರಿನಲ್ಲಿ ಇದೇ ನಾಗಮಂಗಲ ತಾಲ್ಲೂಕಿನ ಆದಿಚುಂಚನಗಿರಿಯಲ್ಲಿ ವಧುವರರ ಸಮಾವೇಶ ನಡೆದಾಗ ಗಂಡುಗಳು ಸಾವಿರ ಸಾವಿರ ಬಂದರು, ಹೆಣ್ಣುಗಳು ಕೆಲವು ನೂರು. ಹೆಣ್ಣು ಸಿಗದ ಊರಿನಲ್ಲಿ ಮತ್ತೆ ತೆರದ ಕಾಲ ಬರಬೇಕಿತ್ತಲ್ಲ? ಬರಲಿಲ್ಲ, ವರದಕ್ಷಿಣೆ ನಿಲ್ಲಲೂ ಇಲ್ಲ. ನೌಕರಿ ಇರುವ ಗಂಡಿನ ದರ ಹಾಗೇ ಇದೆ, ಬೇಸಾಯಗಾರ ಗಂಡಿಗೆ ಹೆಣ್ಣಿಲ್ಲ. ಹೆಣ್ಣಿನ ಹೆಸರಿಗೆ ಭೂಮಿ ಬರೆಯದ ಊರಿಗೆ ಹೆಣ್ಣು ಯಾಕೆ ಬರಬೇಕು ಅಂತ ನಾನು ಮೇಷ್ಟರನ್ನು ಕೇಳಿದೆ. ಅವರು ನಕ್ಕರು, ಉತ್ತರ ಕೊಡಲಿಲ್ಲ.

ಇನ್ನೂ ಗೆರೆಯ ಹೊರಗೆ ಇರುವವರ ಮಾತು ಬಾಕಿ ಇದೆ. ಇಲ್ಲಿ ಕೂತಿರುವವರೆಲ್ಲ ಒಂದೇ ಕಾಯಿದೆಯ ಕೆಳಗಿಲ್ಲ. ಮುಸ್ಲಿಂ ಮನೆಯ ಮಗಳಿಗೆ ಅವರ ಕಾನೂನಿನಲ್ಲಿ ಪಾಲು ಮೊದಲಿನಿಂದ ಇದೆ, ಮದುವೆಯಾದರೂ ಇದೆ, ಆದರೆ ಮಗನ ಅರ್ಧ. ಕ್ರೈಸ್ತರಲ್ಲಿ ಮಕ್ಕಳಿಗೆ ಸಮಪಾಲು. ಪರಿಶಿಷ್ಟ ಪಂಗಡದವರಿಗೆ ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿದ ಹೊರತು ಹಿಂದೂ ಉತ್ತರಾಧಿಕಾರ ಕಾಯಿದೆ ಅನ್ವಯಿಸದು ಅಂತ ಅದರ 2ನೆಯ ಕಲಂನಲ್ಲೇ ಇದೆ. ಹಾಗಾಗಿ ನಾಯಕ ಜನಾಂಗದ ಸೋದರಿಯರು ತಮ್ಮ ವಿಷಯವನ್ನು ವಕೀಲರ ಹತ್ತಿರ ಬೇರೆಯಾಗಿಯೇ ಕೇಳಬೇಕು. ಎರಡನೇ ಸಂಬಂಧದಲ್ಲಿ ಹುಟ್ಟಿದ ಮಕ್ಕಳಿದ್ದಾರೆ. ನಮ್ಮಲ್ಲಿ ಇದು ಕಡಿಮೆ ಏನಿಲ್ಲ, ಮುಚ್ಚಿಡುವುದು ಬೇಡ. ಕರ್ನಾಟಕದಿಂದಲೇ ಹೋದ ಮೊಕದ್ದಮೆಯೊಂದರಲ್ಲಿ 2023ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟು, ಕಾನೂನು ಒಪ್ಪದ ಮದುವೆಯಲ್ಲಿ ಹುಟ್ಟಿದ ಮಕ್ಕಳಿಗೂ ಅಪ್ಪನಿಗೆ ಪಿತ್ರಾರ್ಜಿತದಲ್ಲಿ ಬರುವ ಪಾಲಿನಲ್ಲಿ ಹಕ್ಕಿದೆ ಅಂದಿದೆ. ದೊಡ್ಡಪ್ಪ ಚಿಕ್ಕಪ್ಪಂದಿರ ಪಾಲಿನಲ್ಲಿ ಇಲ್ಲ. ಆ ಎರಡನೆಯ ಹೆಂಗಸಿಗೆ ಗಂಡನ ಆಸ್ತಿಯಲ್ಲಿ ಇವತ್ತಿಗೂ ವಾರಸು ಇಲ್ಲ. ಲಿಂಗತ್ವ ಅಲ್ಪಸಂಖ್ಯಾತರಿಗೆ 2021ರಲ್ಲಿ ನಮ್ಮ ರಾಜ್ಯ ಸರ್ಕಾರಿ ನೇಮಕಾತಿಯಲ್ಲಿ ಶೇಕಡ 1 ಮೀಸಲಾತಿ ಕೊಟ್ಟಿತು, ಒಳ್ಳೆಯ ಕೆಲಸ. ಆದರೆ ಪಾಲಿನ ಕಾಯಿದೆಯಲ್ಲಿ ಇನ್ನೂ ಮಗ, ಮಗಳು ಎರಡೇ ಪದ.

ಸೊಸೆಯರ ಮಾತು. ಮಾವನ ಪಿತ್ರಾರ್ಜಿತದಲ್ಲಿ ಸೊಸೆ ಹುಟ್ಟಿನ ಪಾಲುದಾರಳಲ್ಲ, ಗಂಡ ತೀರಿದರೆ ಅವನ ವಾರಸುದಾರಳು. ಆದರೆ ವಾಸದ ಮನೆ ಬೇರೆ ವಿಷಯ. 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿರುವ ಕೌಟುಂಬಿಕ ದೌರ್ಜನ್ಯ ತಡೆ ಕಾಯಿದೆ ಹೆಂಡತಿಯನ್ನಷ್ಟೇ ಅಲ್ಲ, ತಾಯಿ, ಅಕ್ಕತಂಗಿ, ವಿಧವೆ, ಮದುವೆಯಂಥ ಸಂಬಂಧದಲ್ಲಿ ಬಾಳಿದವಳು, ಎಲ್ಲರನ್ನೂ ಒಳಗೆ ತಂದಿತು. ಮನೆ ಅತ್ತೆ ಮಾವನ ಹೆಸರಿನಲ್ಲಿದ್ದರೂ ಅದು ಸೊಸೆ ಬಾಳಿದ ಮನೆಯಾಗಿದ್ದರೆ ವಾಸದ ಹಕ್ಕು ಕೇಳಬಹುದು ಅಂತ 2020ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ನಮ್ಮ ರಾಜ್ಯದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳೇ ಸಂರಕ್ಷಣಾಧಿಕಾರಿಗಳು. ಅಂಗನವಾಡಿ ನೋಡಲು ಬರುತ್ತಾರಲ್ಲ, ಅವರೇ. ದೂರು ಕೊಡಲು ಪೊಲೀಸ್ ಠಾಣೆಗೇ ಮೊದಲು ಹೋಗಬೇಕೆಂದಿಲ್ಲ.

ಇನ್ನು ಕಾಗದದ ಕೆಲಸ. ಅಪ್ಪ ತೀರಿದ ಮೇಲೆ ಅಣ್ಣಂದಿರು ಪೌತಿ ಖಾತೆಗೆ ಅರ್ಜಿ ಹಾಕುವಾಗ ವಂಶವೃಕ್ಷ ಮಾಡಿಸುತ್ತಾರೆ. ಹೆಣ್ಣುಮಕ್ಕಳ ಹೆಸರು ಬಿಡುವುದು ಅಲ್ಲೇ. ಮರದಲ್ಲಿ ಕೊಂಬೆಯೇ ಇಲ್ಲ ಅಂದಮೇಲೆ ಹಣ್ಣಿನ ಮಾತೆಲ್ಲಿ? ನಾಡಕಚೇರಿಯಲ್ಲಿ ವಂಶವೃಕ್ಷದ ನಕಲು ಕೇಳಿ, ಹೆಸರು ಬಿಟ್ಟಿದ್ದರೆ ಲಿಖಿತ ತಕರಾರು ಕೊಟ್ಟು ಸ್ವೀಕೃತಿ ಇಸಿದುಕೊಳ್ಳಿ. ಪಹಣಿ ತೆಗೆಸಿ 9ನೆಯ ಕಾಲಂ ನೋಡಿ, ಮಾಲೀಕರ ಹೆಸರು ಇರುವುದು ಅಲ್ಲಿ. ಖಾತೆ ಅಣ್ಣನ ಹೆಸರಿಗೆ ಆಗಿಬಿಟ್ಟಿದ್ದರೂ ಎದೆಗೆಡಬೇಡಿ, ಖಾತೆ ಕಂದಾಯದ ಲೆಕ್ಕ, ಹಕ್ಕನ್ನು ತೀರ್ಮಾನಿಸುವುದು ಸಿವಿಲ್ ಕೋರ್ಟು. ಹಾಗೆಂದು ವರ್ಷಗಟ್ಟಲೆ ಸುಮ್ಮನೆ ಕೂರಲೂ ಬೇಡಿ. ಜಮೀನು ಮೂರನೆಯವರ ಕೈಗೆ ಮಾರಾಟವಾದರೆ ಗಂಟು ಬಿಗಿಯಾಗುತ್ತದೆ.

'ನಮ್ಮೂರಲ್ಲಿ ಪಂಚಾಯ್ತಿ ಮಾಡಿ ಪಾಲುಪಟ್ಟಿ ಬರ್ದಾಗದೆ' ಅನ್ನುತ್ತಾರೆ. 2004ರ ಡಿಸೆಂಬರ್ 20ಕ್ಕಿಂತ ಮೊದಲು ನೋಂದಣಿಯಾದ ಪಾಲುಪಾರಿಕತ್ತು ಅಥವಾ ಕೋರ್ಟಿನ ಡಿಕ್ರಿ ಇದ್ದರೆ ಅದನ್ನು ಕೆದಕಲಾಗದು. ಅದಕ್ಕೆ ಮೊದಲು ಮಾರಿದ ಜಮೀನನ್ನೂ ಕೆದಕಲಾಗದು. ಆದರೆ ಅರಳಿಕಟ್ಟೆಯ ಮೇಲೆ ಕೂತು ಬಿಳಿ ಹಾಳೆಯಲ್ಲಿ ಬರೆದ ಪಟ್ಟಿ, ಬಾಯಿಮಾತಿನ ಪಾಲು, ಇವನ್ನು ಕೋರ್ಟು ಸುಮ್ಮನೆ ನಂಬುವುದಿಲ್ಲ, ಸರ್ಕಾರಿ ದಾಖಲೆಗಳ ಬಲ ಬೇಕು. ಅಪ್ಪ ಸ್ವಂತ ದುಡಿದು ಕೊಂಡ ಜಮೀನಿನ ಮಾತು ಬೇರೆ. ಅದನ್ನು ಅವರು ಯಾರಿಗೆ ಬೇಕಾದರೂ ಉಯಿಲು ಬರೆಯಬಹುದು, ಬರೆಯದೆ ತೀರಿದರೆ ಮಕ್ಕಳಿಗೆಲ್ಲ ಸಮ.

ನೀವೂ ಉಯಿಲು ಬರೆಯಿರಿ, ಇದನ್ನು ಮರೆಯಬೇಡಿ. ಮಕ್ಕಳಿಲ್ಲದ ಹೆಂಗಸು ವಿಧವೆಯಾಗಿ, ಉಯಿಲಿಲ್ಲದೆ ತೀರಿದರೆ, ಅವಳು ಸ್ವಂತ ದುಡಿದದ್ದು ಹೆತ್ತ ತಾಯಿಗಿಂತ ಮೊದಲು ಗಂಡನ ವಾರಸುದಾರರಿಗೆ ಹೋಗುತ್ತದೆ. 15ನೆಯ ಕಲಂ ಇವತ್ತಿಗೂ ಹಾಗೇ ಇದೆ. ಹೊಡೆದು ಓಡಿಸಿದ ಮನೆಯವರೇ ಅವಳ ಸಂಘದ ಉಳಿತಾಯಕ್ಕೂ ವಾರಸುದಾರರಾಗಿ ಬರುವ ಕಾಯಿದೆ ಇದು. ಮುಂದೆ ತಿದ್ದಬೇಕಾದ್ದು ಯಾವುದು ಅಂತ ಕೇಳಿದರೆ ನಾನು ಮೊದಲು ಇದರ ಕಡೆ ಬೆರಳು ತೋರಿಸುತ್ತೇನೆ.

ವಕೀಲರ ಫೀಸಿಗೆ ಎಲ್ಲಿಂದ ತರೋಣ ಅಂತ ಕೇಳಬೇಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯಲ್ಲಿ ಹೆಂಗಸು ಅಂದರೆ ಸಾಕು, ವರಮಾನ ಎಷ್ಟೇ ಇರಲಿ, ವಕೀಲರ ನೆರವು ಉಚಿತ. ತಾಲ್ಲೂಕು ಕೋರ್ಟಿನಲ್ಲೇ ಕಾನೂನು ಸೇವಾ ಸಮಿತಿ ಇರುತ್ತದೆ, ಬಿಳಿ ಹಾಳೆಯಲ್ಲಿ ಅರ್ಜಿ ಕೊಟ್ಟರೂ ಆಗುತ್ತದೆ.

ಮುಂದಿನ ತಿಂಗಳ ಸಭೆಗೆ ಬರುವಾಗ ಪ್ರತಿಯೊಬ್ಬರೂ ತವರಿನ ಜಮೀನಿನ ಸರ್ವೆ ನಂಬರ್ ಬರೆದುಕೊಂಡು ಬನ್ನಿ. ಅಣ್ಣನನ್ನು ಕೇಳಲು ಹಿಂಜರಿಕೆಯಾದರೆ ಊರಿನ ಹೆಸರು, ಹೋಬಳಿ, ಅಪ್ಪನ ಹೆಸರು ಇಷ್ಟಾದರೂ ತನ್ನಿ. ಪಹಣಿ ತೆಗೆಸಿ ಓದುವುದನ್ನು ಅವತ್ತು ಒಟ್ಟಿಗೆ ಕೂತು ಕಲಿಯೋಣ. ಮದುವೆಯಾಗದ ಹೆಣ್ಣುಮಕ್ಕಳನ್ನೂ ಕರೆತನ್ನಿ, ಓದು ಬರುವವರು ಅವರೇ ಜಾಸ್ತಿ.